ನಾಲ್ಕನೇ ತೊಟ್ಟಿಗೆ ಮಾಗಿ ಬಂತು

ಮೀನಿನ ಹೊಟ್ಟೆಯಿಂದ ಮೊಟ್ಟೆ ತೆಗೆದು, ಬೇಯಿಸಿ, ತಿನ್ನದೆ, ಬ್ಲೇಡಿನಲ್ಲಿ ಸೀಳಿ ನೋಡಿ ಎಸೆಯುವ ಉದ್ಯೋಗವೊಂದು ಅಮೆರಿಕದಲ್ಲಿ ಇದೆ ಎಂಬುದನ್ನು ಚಂದ್ರಾವತಿಯ ಅತ್ತೆ ಇವತ್ತಿಗೂ ನಂಬಿಲ್ಲ. ಮಲ್ಪೆಯಿಂದ ಫೋನ್ ಮಾಡಿದಾಗಲೆಲ್ಲ, "ಒಂಚೂರು ಮಸಾಲೆ ಹಾಕಿ ಹುರೀಲಿಕ್ಕೆ ನಿಮಗೆ ಎಂತ ಧಾಡಿ?" ಎಂದು ಕೇಳುತ್ತಾರೆ. ಅದು ಪರೀಕ್ಷೆಯ ಮೊಟ್ಟೆ, ಒಂದು ಮೀನಿನಿಂದ ಇಪ್ಪತ್ತೇ ಕಾಳು ತೆಗೆಯುವುದು ಎಂದು ಚಂದ್ರಾವತಿ ಹೇಳಿದರೆ, "ಇಪ್ಪತ್ತಾದ್ರೆ ಇಪ್ಪತ್ತು" ಎನ್ನುತ್ತಾರೆ. ವಾದದಲ್ಲಿ ಅತ್ತೆಯನ್ನು ಗೆದ್ದ ಸೊಸೆ ಯಾವ ಊರಿನಲ್ಲೂ ಇಲ್ಲ.

ಚಂದ್ರಾವತಿಗೆ ನಲವತ್ತಾರು. ಮೂಗಿನ ತುದಿಯಲ್ಲೇ ಕೋಪ. ಮನೆ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಲ್ಲಿ. ಗಂಡ ರಮಾನಾಥ ಓಕ್ ಟ್ರೀ ರೋಡಿನ ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ಅವನ ಅಂಗಿಯಲ್ಲಿ ಇಂಗಿನ ವಾಸನೆ, ಇವಳ ಅಂಗಿಯಲ್ಲಿ ಮೀನಿನ ವಾಸನೆ. ಆ ಮನೆಯ ವಾಷಿಂಗ್ ಮಶೀನಿಗೆ ಮಾತ್ರ ಯಾವ ಮಡಿಯೂ ಇಲ್ಲ.

ಮಂಗಳೂರಿನಲ್ಲಿ ಮೀನುಗಾರಿಕೆ ಓದಿ, ಚಿನ್ನದ ಪದಕ ತಗೊಂಡು ಬಂದವಳು ಮೊದಲ ನಾಲ್ಕು ವರ್ಷ ಜ್ಯಾಕ್ಸನ್ ಹೈಟ್ಸಿನ ಅಂಗಡಿಯೊಂದರಲ್ಲಿ ಸೀರೆ ಮಡಚಿದಳು. ಒಂದು ದಿನ ರಮಾನಾಥನ ಹೋಟೆಲಿಗೆ ಊಟಕ್ಕೆ ಬಂದ ಪೃಥ್ವಿರಾಜ್ ಶೆಟ್ಟರು, ತಾವು ಎರಡು ಮೋಟೆಲ್ ಮಾರಿ ಮೀನು ಸಾಕಲು ಹೊರಟ ಕತೆಯನ್ನು ದೊಡ್ಡದಾಗಿ ಹೇಳುತ್ತಿದ್ದರು. ರಮಾನಾಥ ಸಟ್ಟುಗ ಹಿಡಿದೇ ಹೊರಗೆ ಬಂದು, "ನನ್ನ ಹೆಂಡ್ತಿ ಓದಿದ್ದೇ ಅದು, ಸಾರ್" ಎಂದ. ಮರುದಿನ ಚಂದ್ರಾವತಿ ಹೋಗಿ ನೋಡಿದಳು. ಕೆಲಸ ಕೊಡಿ ಎಂದು ಕೇಳಲಿಲ್ಲ. "ಒಂದೇ ತೊಟ್ಟಿಗೆ ಇಷ್ಟು ಮರಿ ತುಂಬಿಸಿದ್ದೀರಲ್ಲ, ಇದೇನು ಉಡುಪಿಗೆ ಹೋಗುವ ಬಸ್ಸಾ?" ಎಂದು ಬೈದಳು. ಶೆಟ್ಟರು ಅಲ್ಲೇ ಕೆಲಸ ಕೊಟ್ಟರು. ಅದು ಒಂಬತ್ತು ವರ್ಷದ ಹಿಂದಿನ ಮಾತು.

ಶೆಟ್ಟರ ಮೀನಿನ ತೋಟ ಇರುವುದು ರೂಟ್ ಒನ್-ಥರ್ಟಿ ಹೆದ್ದಾರಿಯ ಪಕ್ಕದ ಗೋದಾಮುಗಳ ಸಾಲಿನಲ್ಲಿ. ಎಡಕ್ಕೆ ಸೋಫಾ ಗೋದಾಮು, ಬಲಕ್ಕೆ ಟೈರ್ ಗೋದಾಮು, ನಡುವಿನದರೊಳಗೆ ಆಳೆತ್ತರದ ನೀರಿನ ತೊಟ್ಟಿಗಳು. ಸಾಕುವುದು ಸ್ಟರ್ಜನ್ ಮೀನು. ನಮ್ಮ ಕಡಲಿನಲ್ಲಿ ಇಲ್ಲದ ಮೀನು. ಬೆನ್ನಿನ ಮೇಲೆ ಮೊಸಳೆಯಂತೆ ಮೂಳೆಯ ಬಿಲ್ಲೆಗಳ ಸಾಲು, ಮೂತಿಯ ಕೆಳಗೆ ನಾಲ್ಕು ಮೀಸೆ, ಮುಖದಲ್ಲಿ ಸದಾ ಯಾರ ಮೇಲೋ ಮುನಿಸಿಕೊಂಡ ಭಾವ. ಅದರ ಕರಿಮೊಟ್ಟೆಗೆ ಉಪ್ಪು ಬೆರೆಸಿ ಪುಟ್ಟ ಡಬ್ಬಿಗೆ ತುಂಬಿದರೆ ಕ್ಯಾವಿಯರ್ ಎಂದು ಹೆಸರು. ಮ್ಯಾನ್‌ಹ್ಯಾಟನ್ನಿನ ದೊಡ್ಡವರು ಅದನ್ನು ಚಿಟಿಕೆಯಷ್ಟು ತಿಂದು ಕಣ್ಣು ಮುಚ್ಚುತ್ತಾರಂತೆ. ಆ ಮೊಟ್ಟೆಗಾಗಿ ಮೀನನ್ನು ಕೊಯ್ಯಬೇಕು.

ಈ ಮೀನಿಗೆ ಯಾವುದಕ್ಕೂ ಅವಸರವಿಲ್ಲ. ಮೂರು ವರ್ಷವಾಗುವವರೆಗೆ ಗಂಡೋ ಹೆಣ್ಣೋ ಎಂಬುದೇ ಹೊರಗಿನಿಂದ ತಿಳಿಯದು. ಬಸುರಿಯರಿಗೆ ಮಾಡುವಂತೆ ಹೊಟ್ಟೆಗೆ ಸ್ಕ್ಯಾನ್ ಮಾಡಿಯೇ ನೋಡಬೇಕು. ಹೆಣ್ಣಾದರೆ ಮೊದಲು ಅಂಡಾಶಯದಲ್ಲಿ ಬರೀ ಕೊಬ್ಬು. ಆಮೇಲೆ ರವೆಯಂಥ ಬಿಳಿ ಕಾಳು. ವರ್ಷಗಟ್ಟಲೆ ಒಳಗೆ ಹಳದಿ ಲೋಳೆ ತುಂಬಿಕೊಳ್ಳುತ್ತ ಅದು ಬೂದಿ ಬಣ್ಣಕ್ಕೆ, ಬೂದಿಯಿಂದ ಕಪ್ಪಿಗೆ ತಿರುಗುತ್ತದೆ. ಚಂದ್ರಾವತಿ ಬೆರಳುದ್ದದ ಮರಿಗಳಿಂದ ಬೆಳೆಸಿದ ಹದಿನಾಲ್ಕು ಹೆಣ್ಣುಗಳಿಗೆ ಈ ವರ್ಷ ಹೊಟ್ಟೆ ತುಂಬ ಕರಿಮೊಟ್ಟೆ. ಅವೆಲ್ಲ ನಾಲ್ಕನೇ ತೊಟ್ಟಿಯಲ್ಲಿವೆ. ಎಲ್ಲಕ್ಕಿಂತ ದೊಡ್ಡದಕ್ಕೆ, ಹದಿಮೂರು ಕಿಲೋ ತೂಗುವುದಕ್ಕೆ, ಅವಳು ಪದ್ದಕ್ಕ ಎಂದು ಹೆಸರಿಟ್ಟಿದ್ದಾಳೆ. ಊರಿನಲ್ಲಿ ಮೀನಿನ ಬುಟ್ಟಿ ಹೊತ್ತು ಅಮ್ಮನ ಜೊತೆ ಹೋಗುತ್ತಿದ್ದ ಪದ್ದಕ್ಕನ ನಡಿಗೆಯೂ ಹೀಗೇ ಇತ್ತು, ದಾರಿ ಬಿಡದ ನಡಿಗೆ.

ಶೆಟ್ಟರು ಮರಿಗಳನ್ನು ಪ್ರತಿ ವರ್ಷ ಹೊರಗಿನಿಂದ ತರಿಸುತ್ತಾರೆ. ಚಂದ್ರಾವತಿಗೆ ಇದ್ದ ಹಟ ಒಂದೇ: ನಮ್ಮ ಮೀನು ನಮ್ಮಲ್ಲೇ ಮರಿ ಮಾಡಬೇಕು, ಅದಕ್ಕೊಂದು ಮರಿಮನೆ ಬೇಕು. ಕೇಳಿದಾಗಲೆಲ್ಲ ಶೆಟ್ಟರು, "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲೀಬೇಡ ಮಾರಾಯ್ತಿ" ಎನ್ನುತ್ತಿದ್ದರು. ಕೊನೆಗೆ ಈ ಚಳಿಗಾಲ ಒಂದು ಮಾತಿಗೆ ಬಂದರು. ಫೆಬ್ರವರಿಯ ಕೊನೆಯ ಸೋಮವಾರದೊಳಗೆ ನಾಲ್ಕನೇ ತೊಟ್ಟಿಯ ಮೊಟ್ಟೆ ಮರಿಗೆ ಬರುವಂತೆ ಮಾಗಿದರೆ ಮರಿಮನೆ. ಮಾಗದಿದ್ದರೆ ಹದಿನಾಲ್ಕೂ ಚೂರಿಗೆ.

ಮಾಗಿದೆಯೋ ಇಲ್ಲವೋ ತಿಳಿಯುವುದು ಬೇಯಿಸಿದ ಮೊಟ್ಟೆಯಿಂದ. ಮೀನಿನ ಜೀವಕ್ಕೆ ಅಪಾಯವಾಗದಂತೆ ಹೊಟ್ಟೆಗೆ ಸಪೂರ ನಳಿಕೆ ತೂರಿಸಿ ಇಪ್ಪತ್ತು ಕಾಳು ತೆಗೆಯುತ್ತಾರೆ. ಐದು ನಿಮಿಷ ಕುದಿಸಿ, ಐಸಿನಲ್ಲಿ ತಣಿಸಿ, ಕ್ಷೌರದ ಬ್ಲೇಡಿನಿಂದ ತಲೆಯಿಂದ ಬುಡಕ್ಕೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೊಂದು ಪುಟ್ಟ ಕೇಂದ್ರ ಕಾಣುತ್ತದೆ. ಚಂದ್ರಾವತಿ ಅದನ್ನು ಬೊಟ್ಟು ಎನ್ನುತ್ತಾಳೆ. ಹಸಿ ಮೊಟ್ಟೆಯಲ್ಲಿ ಬೊಟ್ಟು ನಡುವಿನಲ್ಲಿರುತ್ತದೆ. ಮಾಗುತ್ತ ಬಂದಂತೆ ಮೆಲ್ಲಗೆ ತಲೆಯ ಕಡೆಗೆ ಹೊರಡುತ್ತದೆ. ತಲೆಯಿಂದ ಅದು ಎಷ್ಟು ದೂರವಿದೆ ಎಂದು ಅಳೆಯಬೇಕು: ಇಡೀ ಮೊಟ್ಟೆಯ ಉದ್ದ ನೂರು ಎಂದಾದರೆ ಈ ದೂರ ಹತ್ತಕ್ಕಿಂತ ಕೆಳಗೆ ಬರಬೇಕು. ಅದಕ್ಕೆ ಮೀನಿಗೆ ಕೆಲವು ವಾರಗಳ ಗಟ್ಟಿ ಚಳಿ ಬೇಕು. ನದಿಯಲ್ಲಾದರೆ ಚಳಿಗಾಲವೇ ಬರುತ್ತದೆ. ಗೋದಾಮಿನಲ್ಲಿ ನೀರನ್ನು ಯಂತ್ರದಿಂದ ತಣಿಸಬೇಕು. ನವೆಂಬರಿನಿಂದಲೇ ನಾಲ್ಕನೇ ತೊಟ್ಟಿಯ ಪರದೆಯ ಮೇಲೆ ಎಂಟು ಡಿಗ್ರಿ ಎಂದು ಹಸಿರು ಅಂಕಿ ಬೆಳಗುತ್ತಿತ್ತು.

ಜನವರಿಯ ಮೊದಲ ಪರೀಕ್ಷೆಯಲ್ಲಿ ಪದ್ದಕ್ಕನ ಲೆಕ್ಕ ಹದಿನೆಂಟು. ಎರಡು ವಾರದ ಮೇಲೂ ಹದಿನೆಂಟು. ಮತ್ತೆರಡು ವಾರಕ್ಕೆ ಹದಿನೇಳು. ಫೆಬ್ರವರಿ ನಡುವಿನಲ್ಲಿ ನಾಲ್ಕನೇ ಸಲ ಸೀಳಿದಾಗಲೂ ಅದೇ ಹದಿನೇಳು. ಬೊಟ್ಟು ಸರ್ಕಾರಿ ಆಫೀಸಿನ ಫೈಲಿನ ಹಾಗೆ ಕೂತಲ್ಲೇ ಕೂತಿತ್ತು. ಪ್ರತಿ ಸಲವೂ ಅವಳು ತೊಟ್ಟಿಯ ಪಕ್ಕದ ಬಿಳಿ ಹಲಗೆಯ ಮೇಲೆ ತಾರೀಕು ಹಾಕಿ ಒಂದೇ ಪದ ಬರೆದಳು: ಮಾಗಿಲ್ಲ. ಕನ್ನಡದಲ್ಲಿ ಬರೆಯಬೇಕೆಂಬುದು ಶೆಟ್ಟರ ಅಪ್ಪಣೆ. ಕ್ಯಾವಿಯರ್ ಕೊಳ್ಳುವವರು ತೋಟ ನೋಡಲು ಬರುತ್ತಾರೆ, ಅವರು ಏನೋ ಓದಿ ಏನೋ ತಿಳಿಯುವುದು ಬೇಡ ಎಂದು. ನಾಲ್ಕನೇ ಸಲ ಸಿಟ್ಟಿಗೆ ಆ ಪದದ ಕೆಳಗೆ ಎರಡು ಗೆರೆಯನ್ನೂ ಎಳೆದಳು.

ಚೂರಿಯ ಸೋಮವಾರಕ್ಕೆ ನಾಲ್ಕು ದಿನ ಉಳಿದಿತ್ತು. ಗುರುವಾರ ಬೆಳಿಗ್ಗೆ ಹೊರಗೆ ಮೊಣಕಾಲುದ್ದ ಹಿಮ. ಚಂದ್ರಾವತಿ ಬೂಟು ಕೊಡವಿ ಒಳಗೆ ಕಾಲಿಡುವುದರಲ್ಲಿ ವಿನಾಯಕ್ ಎದುರಿಗೆ ಬಂದ. ಪಂಪು, ಕೊಳವೆ, ತಣಿಸುವ ಯಂತ್ರ, ಎಲ್ಲವೂ ಈ ಇಂಜಿನಿಯರನ ಸುಪರ್ದಿ. ಮೂವತ್ತೆಂಟು ವರ್ಷದವ, ನ್ಯೂಜೆರ್ಸಿಯ ಪಾರ್ಸಿಪನಿಯಲ್ಲೇ ಹುಟ್ಟಿದವ, ಮೈಸೂರಿನ ಅಜ್ಜಿಯಿಂದ ಅಕ್ಷರ ಕಲಿತವ. ಎಲ್ಲಿ ಕನ್ನಡ ಕಂಡರೂ ಒಂದೊಂದೇ ಅಕ್ಷರ ಕೂಡಿಸಿ ಓದದೆ ಮುಂದೆ ಹೋಗುವುದಿಲ್ಲ. ಎಂಟೇ ವರ್ಷ ದೊಡ್ಡವಳಾದ ತನ್ನನ್ನು ಆಂಟಿ ಎನ್ನುತ್ತಾನೆಂದು ಚಂದ್ರಾವತಿಗೆ ಅವನ ಮೇಲೆ ಖಾಯಂ ಸಿಟ್ಟು.

"ಆಂಟಿ, ಐ ಆ್ಯಮ್ ಸೋ ಸಾರಿ" ಎಂದ ಅವನು. "ನಿಮ್ಮ ಕಂಪ್ಲೇಂಟ್ ಕರೆಕ್ಟು. ನಿನ್ನೆ ಪೂರ್ತಿ ಚೆಕ್ ಮಾಡ್ದೆ."

"ಎಂತ ಕಂಪ್ಲೇಂಟ್? ನಾನು ಯಾವ ಕಂಪ್ಲೇಂಟೂ ಕೊಡ್ಲಿಲ್ಲ."

"ಬೋರ್ಡಲ್ಲಿ ಬರ್ದಿದೀರಲ್ಲಾ! ಮಾಗಿ ಇಲ್ಲ, ಮಾಗಿ ಇಲ್ಲ ಅಂತ. ನಾಲ್ಕ್ ಸಲ. ಲಾಸ್ಟ್ ಟೈಮ್ ಅಂಡರ್‌ಲೈನ್ ಬೇರೆ. ನಂಗೇ ಬೈತಿದೀರ ಅಂದ್ಕೊಂಡೆ."

"ಮಾಗಿ ಇಲ್ಲ ಅಲ್ಲ ಮಾರಾಯ, ಮಾಗಿಲ್ಲ! ಹಣ್ಣಾಗಿಲ್ಲ ಅಂತ. ನಾಟ್ ರೈಪ್."

ವಿನಾಯಕನ ಮುಖ ಪೆಚ್ಚಾಯಿತು. "ಓ. ನಮ್ಮಜ್ಜಿ ಡಿಸೆಂಬರಲ್ಲಿ ಬಂದಾಗ್ಲೆಲ್ಲ ಮಾಗಿ ಚಳಿ, ಮಾಗಿ ಚಳಿ ಅಂತಿದ್ರು. ಮಾಗಿ ಅಂದ್ರೆ ವಿಂಟರ್ ತಾನೆ? ಟ್ಯಾಂಕಲ್ಲಿ ವಿಂಟರ್ ಇಲ್ಲ ಅಂತ ನೀವು ಹೇಳ್ತಿದೀರ ಅಂತ…"

ಚಂದ್ರಾವತಿಗೆ ನಗು ಉಕ್ಕಿ ಬಂತು. ಕೂಡಿಸಿ ಬರೆದದ್ದನ್ನು ಬಿಡಿಸಿ ಓದಿದ್ದಾನೆ ಪುಣ್ಯಾತ್ಮ! ಹೊಟ್ಟೆ ಹಿಡಿದು ನಗುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು. "ನಿಲ್ಲು. ನಿನ್ನೆ ಚೆಕ್ ಮಾಡಿದೆ ಅಂದ್ಯಲ್ಲ. ಏನು ಸಿಕ್ಕಿತು?"

"ಅದೇ ಆಂಟಿ. ವಿಂಟರ್ ನಿಜವಾಗ್ಲೂ ಇಲ್ಲ. ಸೆನ್ಸರ್ ಇರೋದು ಪೈಪ್ ಬಾಯಲ್ಲಿ. ಪೈಪಿಂದ ಬರೋ ನೀರು ಎಂಟೇ ಡಿಗ್ರಿ. ಆದ್ರೆ ವಾಲ್ವ್ ಮುಕ್ಕಾಲು ಕ್ಲೋಸ್ ಆಗಿ ಸ್ಟಕ್ ಆಗಿದೆ. ಸಣ್ಣಗೆ ಸೋರುತ್ತೆ ಅಷ್ಟೆ. ಟ್ಯಾಂಕ್ ಒಳಗೆ ಹದಿನಾಲ್ಕು."

ಅವಳು ಚೀಲ ಎಸೆದು ಓಡಿದಳು. ಕೋಟನ್ನೂ ಕಳಚದೆ ಏಣಿ ಹತ್ತಿ, ತೋಳು ಮೇಲೆ ಸರಿಸಿ, ಮೊಣಕೈವರೆಗೂ ಕೈಯನ್ನು ನೀರಿಗೆ ಇಳಿಸಿದಳು. ಅಯ್ಯೋ ದೇವರೇ. ಹೊರಗೆ ರಸ್ತೆಯಲ್ಲಿ ಉಗುಳಿದರೆ ಗಡ್ಡೆಗಟ್ಟುವ ಚಳಿ, ಒಳಗೆ ಇವುಗಳಿಗೆ ಮಳೆಗಾಲದ ಬಾವಿನೀರು! ನ್ಯೂಜೆರ್ಸಿಯಲ್ಲಿ ಚಳಿಗೆ ಬರ ಬಂದದ್ದು ಈ ಒಂದು ತೊಟ್ಟಿಗೆ ಮಾತ್ರ ಇರಬೇಕು. ಮೂರು ತಿಂಗಳಿಂದ ಅವಳು ಪರದೆಯನ್ನು ನಂಬಿದ್ದಳು. ಪರೀಕ್ಷೆಯ ದಿನ ಮೀನನ್ನು ಬಲೆಯಿಂದ ಎತ್ತಿ ಬೇರೆ ಟಬ್ಬಿಗೆ ಹಾಕುತ್ತಿದ್ದಳು, ಅದೂ ದಪ್ಪ ಕೈಗವಸು ತೊಟ್ಟು. ಈ ನೀರಿಗೆ ಬರಿಗೈ ಹಾಕಿಯೇ ಇರಲಿಲ್ಲ. ಮೀನು ಮಾರುವವಳ ಮಗಳಾಗಿ ನೀರು ಮುಟ್ಟಿ ನೋಡಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಇನ್ನೊಂದು ಯೋಚನೆ ಬಂತು. ಹಾಗಾದರೆ ಪದ್ದಕ್ಕನ ತಪ್ಪೇನೂ ಇಲ್ಲ. ಅವಳಿಗೆ ಚಳಿಗಾಲವೇ ಬಂದಿಲ್ಲ. ಚಳಿಗಾಲ ಕೊಟ್ಟರೆ?

ಅವಳೂ ಶೆಟ್ಟರೂ ಸಾಮಾನ್ಯವಾಗಿ ತುಳುವಿನಲ್ಲೇ ಜಗಳವಾಡುವುದು. ಅವತ್ತು ವಿನಾಯಕ್ ಜೊತೆಗಿದ್ದುದರಿಂದ ಕನ್ನಡದಲ್ಲಿ ಆಡಿದರು.

"ಶೆಟ್ರೇ, ನನಗೆ ಆರು ವಾರ ಬೇಕು."

"ಆರು ವಾರವಾ? ಸೋಮವಾರ ಕೊಯ್ಲಿಕ್ಕೆ ಜನ ಬರ್ತಾರೆ. ಎಲ್ಲ ರೆಡಿ ಉಂಟು."

"ತಪ್ಪು ನಮ್ಮದು. ಮೀನಿಂದಲ್ಲ. ನೀರು ಬಿಸಿ ಇತ್ತು."

ವಿನಾಯಕ್ ವಾಲ್ವಿನ ಕತೆ ಹೇಳಿದ. ಶೆಟ್ಟರು ತಲೆ ಕೆರೆದುಕೊಂಡರು. ಅವರದೂ ಸುಳ್ಳು ಸಂಕಟವಲ್ಲ. ಬೊಟ್ಟು ತಲೆಯಿಂದ ದೂರವಿರುವಾಗ ಮೊಟ್ಟೆ ಗಟ್ಟಿ. ಕ್ಯಾವಿಯರಿಗೆ ಅದೇ ಹದ. ಮರಿಗೆ ಮಾಗಿದ ಮೊಟ್ಟೆಯ ಸಿಪ್ಪೆ ಮೆತ್ತಗಾಗಿ, ಉಪ್ಪು ಬಿದ್ದೊಡನೆ ಒಡೆದು ನೀರಾಗುತ್ತದೆ. ಕಾದ ಮೇಲೆ ಮರಿಯೂ ಆಗದಿದ್ದರೆ ಎರಡೂ ಹೋಯಿತು.

"ಅತ್ತ ದರಿ, ಇತ್ತ ಪುಲಿ" ಎಂದರು ಶೆಟ್ಟರು. "ಒಂಬತ್ತು ವರ್ಷ ಕಾದದ್ದು ಸಾಲದಾ ಚಂದ್ರಾ? ಚಳಿ ಕೊಟ್ಟರೆ ಮಾಗ್ತದೆ ಅಂತ ಗ್ಯಾರಂಟಿ ಉಂಟಾ ನಿನಗೆ?"

"ಇಲ್ಲ."

"ಮತ್ತೆ?"

"ಬಿಸಿನೀರಲ್ಲಿ ಇನ್ನೂ ಇಟ್ಟಿದ್ರೆ ಮೊಟ್ಟೆಯನ್ನು ಮೀನೇ ಕರಗಿಸಿ ಮೈಗೆ ಹೀರಿಕೊಳ್ತಿತ್ತು. ಇನ್ನೂ ಕರಗ್ಲಿಲ್ಲ. ಮೊನ್ನೆ ಸೀಳಿದಾಗ ಗಟ್ಟಿ ಉಂಟು, ದುಂಡಗೆ ಉಂಟು. ಅವು ಕಾಯ್ತಾ ಉಂಟು ಶೆಟ್ರೇ." ಅವಳು ದನಿ ಏರಿಸಿದಳು. "ಆಗದಿದ್ರೆ ಜನ ಕರೆಸುವುದು ಬೇಡ. ಚೂರಿ ನಾನೇ ಹಿಡೀತೇನೆ. ಮರಿಮನೆ ಅಂತ ಇನ್ನು ಬಾಯಿ ತೆರೆಯುವುದಿಲ್ಲ."

ಕೊಯ್ಯುವ ಕೋಣೆಗೆ ಚಂದ್ರಾವತಿ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅದು ಶೆಟ್ಟರಿಗೆ ಗೊತ್ತಿತ್ತು. ಅವರು ಕ್ಯಾಲೆಂಡರ್ ಎಳೆದುಕೊಂಡು ಏಪ್ರಿಲಿನ ಮೊದಲ ಸೋಮವಾರಕ್ಕೆ ಕೆಂಪು ಸುತ್ತು ಹಾಕಿದರು. "ಆ ದಿನ ಬೆಳಿಗ್ಗೆ ಎಂಟಕ್ಕೆ. ಎಂಟೂಕಾಲಿಗಲ್ಲ."

ಅಲ್ಲಿಂದ ಮುಂದೆ ಆ ಗೋದಾಮಿನಲ್ಲಿ ಹಬ್ಬದ ಓಡಾಟ. ವಿನಾಯಕ್ ವಾಲ್ವ್ ಬದಲಿಸಿ, ಸೆನ್ಸರನ್ನು ಕಿತ್ತು ಮೀನುಗಳ ನಡುವೆಯೇ ಇಳಿಬಿಟ್ಟ. ಒಮ್ಮೆಗೇ ತಣಿಸಿದರೆ ಮೀನಿಗೆ ಪೆಟ್ಟು. ದಿನಕ್ಕೆ ಒಂದೇ ಡಿಗ್ರಿಯಂತೆ ಇಳಿಸಿದರು. ಹದಿಮೂರು. ಹನ್ನೆರಡು. ಹನ್ನೊಂದು. ಚಂದ್ರಾವತಿ ಕೈಗವಸು ತೆಗೆದು ದಿನಕ್ಕೆರಡು ಸಲ ಬರಿಗೈ ಅದ್ದಿ ನೋಡುತ್ತಿದ್ದಳು. ಎಂಟಕ್ಕೆ ಬಂದ ದಿನ ಅವಳ ಬೆರಳು ಮರಗಟ್ಟಿತು. ಕೈ ಉಜ್ಜಿಕೊಳ್ಳುತ್ತ, "ಬಂತು ನೋಡು ನಿನ್ನ ಅಜ್ಜಿಯ ಮಾಗಿ!" ಎಂದು ಕೂಗಿದಳು. ಮೀನುಗಳು ತಿನ್ನುವುದನ್ನು ಬಿಟ್ಟು ತಳಕ್ಕೆ ಮೂತಿಯಿಟ್ಟು ಸುಮ್ಮನೆ ಮಲಗಿದವು. ತಿನ್ನದಿದ್ದರೆ ಸರಿ ಎಂದು ಸಂತೋಷಪಟ್ಟ ಸಾಕುತಾಯಿ ಲೋಕದಲ್ಲಿ ಇವಳೊಬ್ಬಳೇ ಇರಬೇಕು.

ಮಾರ್ಚ್ ಎರಡನೇ ವಾರದ ಪರೀಕ್ಷೆಯಲ್ಲಿ ಪದ್ದಕ್ಕನ ಲೆಕ್ಕ ಹದಿಮೂರು. ಚಂದ್ರಾವತಿ ನಂಬದೆ ಮತ್ತೆ ಹತ್ತು ಮೊಟ್ಟೆ ಸೀಳಿದಳು. ಹದಿಮೂರೇ. ಬೊಟ್ಟು ಹೊರಟಿತ್ತು! ಲ್ಯಾಬಿನಲ್ಲಿ ಒಬ್ಬಳೇ ಇದ್ದವಳು ಸ್ಟೂಲಿನಿಂದ ಎದ್ದು ಒಂದು ಸುತ್ತು ಹಾಕಿ ಬಂದು ಮತ್ತೆ ಕುಳಿತಳು. ಎಲ್ಲವೂ ಸಿಹಿಯಾಗಿರಲಿಲ್ಲ. ಹದಿನಾಲ್ಕರಲ್ಲಿ ಎರಡರ ಮೊಟ್ಟೆ ಕರಗತೊಡಗಿತ್ತು. ಸೀಳಿದರೆ ಒಳಗೆ ಕದಡಿದ ಗಂಜಿ. ಇನ್ನಷ್ಟು ತಡವಾಗಿದ್ದರೆ ಎಲ್ಲವೂ ಹೀಗೇ ಆಗುತ್ತಿತ್ತು. ಎರಡು ವಾರ ಕಳೆದು ಪದ್ದಕ್ಕ ಹತ್ತಕ್ಕೆ ಬಂದಳು. ಮಾರ್ಚ್ ಕೊನೆಯ ದಿನ ಏಳು.

ಅವತ್ತು ಮನೆಗೆ ಹೋಗಿ ರಮಾನಾಥನಿಗೆ, "ಏಳು!" ಎಂದಳು. ಅವನು ಗಡಿಯಾರ ನೋಡಿ, "ಏಳೂವರೆ" ಎಂದ. ವಿಷಯ ತಿಳಿದ ಮೇಲೆ, ಆ ಮನೆಯಲ್ಲಿ ಎರಡು ತಿಂಗಳಿಂದ ಆಗದಿದ್ದ ಪಾಯಸವಾಯಿತು.

ನೀರನ್ನು ಮೆಲ್ಲಗೆ ಏರಿಸಿದರು, ವಸಂತ ಬಂದಂತೆ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ, ಉಳಿದ ಹನ್ನೆರಡು ಮೀನುಗಳಲ್ಲಿ ಮೊದಲು ಪದ್ದಕ್ಕನಿಗೆ ಹಾರ್ಮೋನಿನ ಸೂಜಿ ಚುಚ್ಚಿದರು. ಕೆಂಪು ಸುತ್ತಿನ ಸೋಮವಾರಕ್ಕೆ ಎರಡೇ ದಿನ ನಡುವೆ. ಸೂಜಿಯ ಮೇಲೆ ಒಂದು ದಿನ ಕಳೆಯಬೇಕು. ಆಮೇಲೆ ಅಂಡಾಶಯ ಮೊಟ್ಟೆಯ ಹಿಡಿತ ಬಿಡಬೇಕು. ಬಿಟ್ಟರೆ ಬಿಟ್ಟಿತು.

ಶನಿವಾರ ಹತ್ತು ಗಂಟೆಯಾಯಿತು, ಏನೂ ಇಲ್ಲ. ಹನ್ನೆರಡಾಯಿತು, ಏನೂ ಇಲ್ಲ. ಶೆಟ್ಟರು ರಜೆಯ ದಿನವಾದರೂ ಬಂದು, ಕಾಫಿ ಲೋಟ ಹಿಡಿದು ತೊಟ್ಟಿಯ ಸುತ್ತ ನಡೆಯುತ್ತಿದ್ದರು, ಹೆರಿಗೆ ವಾರ್ಡಿನ ಹೊರಗೆ ಗಂಡಸರು ನಡೆಯುವ ಹಾಗೆ. "ಆತುರಗಾರನಿಗೆ ಬುದ್ಧಿ ಮಟ್ಟ. ಕೂತ್ಕೊಳ್ಳಿ ಶೆಟ್ರೇ" ಎಂದು ಬೈದ ಚಂದ್ರಾವತಿಯೇ ಎರಡು ನಿಮಿಷಕ್ಕೊಮ್ಮೆ ಏಣಿ ಹತ್ತುತ್ತಿದ್ದಳು. ಎರಡೂವರೆಗೆ ಹತ್ತಿದವಳು ಇಳಿಯಲಿಲ್ಲ.

"ವಿನಾಯಕಾ, ಟಾರ್ಚ್!"

ಬೆಳಕು ಬಿಟ್ಟಾಗ ತೊಟ್ಟಿಯ ತಳದಲ್ಲಿ, ಸಾಸಿವೆಗಿಂತ ಕೊಂಚ ದೊಡ್ಡ ಕರಿ ಕಾಳು. ಒಂದು. ಅಲ್ಲಿ ಇನ್ನೊಂದು. ಅದರಾಚೆ ಏಳೆಂಟು.

"ಬಿಟ್ಟಳು! ಪದ್ದಕ್ಕ ಬಿಟ್ಟಳು!" ಅವಳ ಕೂಗಿಗೆ ಪಕ್ಕದ ಟೈರ್ ಗೋದಾಮಿನವರೂ ಬಾಗಿಲಿಗೆ ಬಂದರಂತೆ.

ಮೂವರೂ ಸೇರಿ ಪದ್ದಕ್ಕನನ್ನು ಒದ್ದೆ ಜೋಲಿಯಲ್ಲಿ ಎತ್ತಿ ಮೇಜಿಗೆ ತಂದರು. ಚಂದ್ರಾವತಿ ಹೊಟ್ಟೆಯ ಮೇಲೆ ಅಂಗೈಯಿಟ್ಟು ಮೆತ್ತಗೆ ಕೆಳಕ್ಕೆ ಸವರಿದಳು. ಮೊಟ್ಟೆ ಹರಿಯಿತು. ತಡೆಯಿಲ್ಲದೆ, ಮಿರಮಿರ ಮಿಂಚುತ್ತ, ಬೋಗುಣಿ ತುಂಬಿ ಇನ್ನೊಂದು ಬೋಗುಣಿಗೂ ಹರಿಯಿತು. ಅವಳ ಕಣ್ಣಿನಿಂದಲೂ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಚೂರಿ ತಾಗದ ಪದ್ದಕ್ಕ ತೊಟ್ಟಿಗೆ ಮರಳಿ, ಬಾಲ ಒಮ್ಮೆ ಬಡಿದು ಮೂವರ ಮುಖಕ್ಕೂ ನೀರೆರಚಿ ಹೋದಳು.

ಬೆಳಿಗ್ಗೆಯೇ ತೆಗೆದಿಟ್ಟಿದ್ದ ಗಂಡು ಮೀನಿನ ಹಾಲಿನಂಥ ವೀರ್ಯವನ್ನು ನೀರಿನಲ್ಲಿ ಬೆರೆಸಿ ಮೊಟ್ಟೆಗೆ ಹೊಯ್ದರು. ಒಂದಕ್ಕೊಂದು ಅಂಟದಿರಲೆಂದು ಜೇಡಿಮಣ್ಣಿನ ನೀರಿನಲ್ಲಿ ಗರಿಯಿಂದ ತಿರುವುತ್ತಲೇ ಇದ್ದರು. ತೋಳು ಸೋತಾಗ ಒಬ್ಬರ ಕೈಯಿಂದ ಇನ್ನೊಬ್ಬರು ಗರಿ ಇಸಿದುಕೊಂಡರು. ಸಂಜೆ ಆರೂಮುಕ್ಕಾಲಿಗೆ ಚಂದ್ರಾವತಿ ಒಂದು ಮೊಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಈ ಸಲ ಬೇಯಿಸಲಿಲ್ಲ, ಸೀಳಲಿಲ್ಲ. ತುಂಬ ಹೊತ್ತು ನೋಡಿದಳು. ಪಕ್ಕಕ್ಕೆ ಸರಿದು ಶೆಟ್ಟರಿಗೆ ಜಾಗ ಬಿಟ್ಟಳು.

ಶೆಟ್ಟರು ಕನ್ನಡಕ ಹಣೆಗೇರಿಸಿ ಬಗ್ಗಿದರು. ಮೊಟ್ಟೆಯ ತಲೆಯ ಮೇಲೆ ಒಂದು ಸಣ್ಣ ಗೆರೆ ಬಿದ್ದಿತ್ತು. ಒಂದಾಗಿದ್ದದ್ದು ಎರಡಾಗುತ್ತಿತ್ತು.

"ಜೀವ ಉಂಟಾ ಇದಕ್ಕೆ?" ಎಂದು ಪಿಸುಗುಟ್ಟಿದರು.

"ಉಂಟು."

ಅವರು ಕಣ್ಣು ತೆಗೆಯಲಿಲ್ಲ. "ಇದು ಮರಿಯಾಗಿ, ಇದಕ್ಕೆ ಮೊಟ್ಟೆ ಮಾಗ್ಲಿಕ್ಕೆ ಎಷ್ಟು ವರ್ಷ?"

"ಒಂಬತ್ತು. ಹತ್ತು ಅಂತಲೇ ಇಟ್ಕೊಳ್ಳಿ."

"ನನಗೀಗ ಅರವತ್ತೊಂಬತ್ತು." ಶೆಟ್ಟರು ಬೆರಳು ಮಡಚಿ ಲೆಕ್ಕ ಹಾಕಿದರು, ಸಣ್ಣಗೆ ನಕ್ಕರು. "ಡಾಕ್ಟ್ರು ಹೇಳಿದ ವಾಕಿಂಗ್ ನಾಳೆಯಿಂದ ಶುರು ಮಾಡ್ಬೇಕಾಯ್ತಲ್ಲ ಮಾರಾಯ್ತಿ." ಮತ್ತೆ ಬಗ್ಗಿ ಒಂದು ಸಲ ನೋಡಿ, ನೆಟ್ಟಗೆ ನಿಂತು, ಜೇಬಿನಿಂದ ಪೆನ್ನು ತೆಗೆದರು. "ಹೇಳು. ಮರಿಮನೆಗೆ ಎಷ್ಟು ತೊಟ್ಟಿ ಬೇಕು?"